ಚಿನ್ನ ನಮ್ಮದಾಗಲಿಲ್ಲ, ಕಂಪ್ಯೂಟರ್ ಆದ್ರೂ ನಮ್ಮದಾಗಲಿ



1902ರಲ್ಲಿ ಶಿವನಸಮುದ್ರದ ಕರೆಂಟ್ ಕೆಜಿಎಫ್‌ಗೆ ಬಂತು. ಬಂದದ್ದು ಗಣಿಯ ಯಂತ್ರಗಳಿಗಾಗಿ. ಚಿನ್ನ ಅಗೆದವರು ಬಹುಪಾಲು ನಮ್ಮ ದಲಿತರು. ಅವರಿಗೆ ಉಳಿದದ್ದು ಎದೆಯೊಳಗಿನ ಧೂಳು. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಅವರ ಮಕ್ಕಳು ಇವತ್ತಿಗೂ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ.

ಅದೇ ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ಶುರುವಾಯ್ತು. ಸ್ವತಂತ್ರ ತಂತ್ರಾಂಶ ಚಳವಳಿಯವರು ಅಲ್ಲಿನ ಮಕ್ಕಳಿಗೆ ಗ್ನೂ/ಲಿನಕ್ಸ್ ಕಲಿಸಿದ್ರು. ಅದಕ್ಕೆ ಲೈಸೆನ್ಸ್ ದುಡ್ಡಿಲ್ಲ. ಒಳಗೇನಿದೆ ನೋಡಬಹುದು, ತಿದ್ದಬಹುದು, ಹಂಚಬಹುದು.

ಯಂತ್ರದ ಯಜಮಾನಿಕೆ ಬೇರೆಯವರದಾದ್ರೆ ದುಡಿದವರ ಗತಿ ಏನು ಅಂತ ಕೆಜಿಎಫ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಹಾಸ್ಟೆಲು, ಸಂಘದ ಕಚೇರಿಗಳ ಕಂಪ್ಯೂಟರ್‌ಗಳಿಗೂ ಲಿನಕ್ಸ್ ಹಾಕೋಣ. ಕಲಿಯೋಣ, ಕಲಿಸೋಣ.