ಭೂತ ಅಂದರೆ ಆಗಿಹೋದದ್ದು

ಅಕ್ಟೋಬರ್ ಮುಗಿಯುತ್ತಾ ಬಂದಂತೆ ದಹಿಸರ್‌ನ ಅಂಗಡಿಗಳಲ್ಲಿ ಎರಡು ಬಗೆಯ ಸರಕು ಅಕ್ಕಪಕ್ಕ ತೂಗಾಡುತ್ತವೆ. ಒಂದು ದೀಪಾವಳಿಯ ಆಕಾಶಬುಟ್ಟಿ. ಇನ್ನೊಂದು ಹ್ಯಾಲೋವೀನ್‌ನ ಪ್ಲಾಸ್ಟಿಕ್ ಕುಂಬಳಕಾಯಿ ಮತ್ತು ತಲೆಬುರುಡೆಯ ಮುಖವಾಡ. ಎರಡನೆಯದು ಅಮೆರಿಕದಿಂದ ಮಾಲ್‌ಗಳ ಮೂಲಕ ಬಂದದ್ದು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ. ನವೆಂಬರ್ 1 ಸಂತರದು, ನವೆಂಬರ್ 2 ಸತ್ತವರೆಲ್ಲರದು. ಆ ಎರಡನೆಯ ದಿನವನ್ನು ದಹಿಸರ್–ಬೊರಿವಲಿ ಭಾಗದ ಈಸ್ಟ್ ಇಂಡಿಯನ್ ಮತ್ತು ಮಂಗಳೂರು ಕ್ರೈಸ್ತ ಮನೆಗಳು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಆಚರಿಸುತ್ತ ಬಂದಿವೆ. ಪಕ್ಕದ ತುಳು–ಕನ್ನಡ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆ ಮುಗಿದು, ದೀಪಾವಳಿಗೆ ಪಾತಾಳದಿಂದ ಮೇಲೆ ಬರುವ ಬಲೀಂದ್ರನಿಗೆ ದೀಪ ಇಡುವ ಸಿದ್ಧತೆ ನಡೆದಿರುತ್ತದೆ. ಮಳೆ ನಿಂತು ಕತ್ತಲು ಬೇಗ ಇಳಿಯುವ ಈ ತಿಂಗಳು ಹೋದವರು ಒಮ್ಮೆ ಬಂದು ಹೋಗುವ ಕಾಲ ಎಂಬುದು ಯಾವ ಒಂದು ಊರಿನ ಸೊತ್ತೂ ಅಲ್ಲ.

ಹೆದರಿಕೆಯ ಕಥೆಗೆ ಬೇಕಾದ ಜಾಗವೂ ಅಲ್ಲಿಯೇ ಇದೆ. ದಹಿಸರ್‌ಗೆ ಹತ್ತಿರದ ಮಂಡಪೇಶ್ವರ ಬಂಡೆಯಲ್ಲಿ ಕೊರೆದ ಶೈವ ಗುಹೆ, ಒಳಗೆ ನಟರಾಜನಿದ್ದಾನೆ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಕಾಲದ ಫ್ರಾನ್ಸಿಸ್ಕನ್ ಪಾದ್ರಿಗಳು ಗುಹೆಯನ್ನು ಚರ್ಚ್ ಮಾಡಿಕೊಂಡು ಅದರ ನೆತ್ತಿಯ ಮೇಲೆಯೇ ಮಠ ಕಟ್ಟಿದರು. ಶಿಲ್ಪದ ಫಲಕವೊಂದರ ಮೇಲೆ ಕೆತ್ತಿದ ದೊಡ್ಡ ಶಿಲುಬೆ ಇಂದಿಗೂ ಕಾಣುತ್ತದೆ. 1739ರಲ್ಲಿ ಮರಾಠರು ವಸಾಯಿ ಗೆದ್ದ ಮೇಲೆ ಪೋರ್ಚುಗೀಸರ ಕಾಲ ಮುಗಿಯಿತು, ಮೇಲಿನ ಗೋಡೆಗಳು ಪಾಳುಬಿದ್ದವು. ಈಗ ಗುಹೆಯಲ್ಲಿ ಮತ್ತೆ ಲಿಂಗಪೂಜೆ, ಮೇಲೆ ಮಾಡಿಲ್ಲದ ಗೋಡೆ. ಮೊದಲು ಇದ್ದವರು ಪೂರ್ತಿ ಹೋಗದೆ, ಆಮೇಲೆ ಬಂದವರು ಪೂರ್ತಿ ನೆಲೆಯೂರದೆ ಉಳಿದ ಸ್ಥಿತಿ ಇದು. ದೆವ್ವ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಸಿಗುವುದು ಕಷ್ಟ.

ಭಾಷೆಯೂ ಅದನ್ನೇ ಹೇಳುತ್ತದೆ. ‘ಭೂತ’ ಎಂದರೆ ಸಂಸ್ಕೃತದಲ್ಲಿ ‘ಆದದ್ದು, ಆಗಿಹೋದದ್ದು’. ಶಾಲೆಯ ವ್ಯಾಕರಣದಲ್ಲಿ ಭೂತಕಾಲ ಓದುವಾಗ ಯಾರೂ ಬೆಚ್ಚುವುದಿಲ್ಲ, ಆದರೆ ಪದ ಅದೇ. ‘ಪ್ರೇತ’ ಎಂದರೆ ‘ಮುಂದೆ ಹೋದವನು’. ಸತ್ತು, ಇನ್ನೂ ಪಿತೃಗಳ ಸಾಲು ಸೇರದೆ ದಾರಿಯ ನಡುವೆ ಇರುವವನು. ‘ದೆವ್ವ’ ಇನ್ನೂ ಕುತೂಹಲದ್ದು. ಅದು ‘ದೈವ’ ಎಂಬುದರ ತದ್ಭವ. ಅಂದರೆ ತುಳುನಾಡಿನವರು ಕೈಮುಗಿಯುವ ದೈವ ಮತ್ತು ಘಟ್ಟದ ಮೇಲಿನವರು ಹೆದರಿ ಓಡುವ ದೆವ್ವ ಹುಟ್ಟಿನಿಂದ ಒಂದೇ ಪದ. ಕನ್ನಡದ ಭಯದ ಚರಿತ್ರೆ ಬಹುಮಟ್ಟಿಗೆ ಈ ಎರಡು ರೂಪಗಳ ನಡುವಿನ ಜಗಳದ ಚರಿತ್ರೆ. ಆ ಚರಿತ್ರೆಯನ್ನು ಅನುಸರಿಸಿ, ಈ ಋತುವಿನಲ್ಲಿ ಓದಲು ಮತ್ತು ನೋಡಲು ತಕ್ಕ ಕೆಲವನ್ನು ಕಾಲಕ್ರಮದಲ್ಲಿ ಇಲ್ಲಿ ಇಡಲಾಗಿದೆ.

ರಣರಂಗದ ಮರುಳುಗಳು

ಮೊದಲನೆಯದು ಸಾವಿರ ವರ್ಷ ಹಳೆಯದು. ರನ್ನನ ‘ಗದಾಯುದ್ಧ’ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಯುದ್ಧಭೂಮಿಯನ್ನು ಹಾದು ಭೀಷ್ಮನನ್ನು ಕಾಣಲು ಹೋಗುತ್ತಾನೆ. ನೆಲವೆಲ್ಲ ಹೆಣ, ನೆತ್ತರು. ಅಲ್ಲಿ ಮರುಳುಗಳು ಔತಣ ನಡೆಸಿವೆ. ಒಂದು ಮರುಳು ಅವನನ್ನು ಹಂಗಿಸುತ್ತದೆ; ಅವನು ಸಿಟ್ಟಿನಿಂದ ಗದೆಯೆತ್ತುತ್ತಾನೆ; ಸಂಜಯ ಸಮಾಧಾನ ಮಾಡುತ್ತಾನೆ. ಆಮೇಲೆ ಒಂದೊಂದಾಗಿ ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ ಹೆಣಗಳಾಗಿ ಎದುರಾಗುತ್ತಾರೆ.

ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಇಂದು ನಾವು ‘ಮಾತಿಗೆ ಮರುಳಾದ’ ಎನ್ನುವಾಗ ಎರಡನೆಯ ಅರ್ಥ ಮಾತ್ರ ಉಳಿದಿದೆ. ರನ್ನನಲ್ಲಿ ಹುಚ್ಚು ಯಾರದು, ಮರುಳು ಯಾರು ಎಂಬುದು ಕಲೆತುಹೋಗುತ್ತದೆ. ಮುಖ್ಯವಾದ ಸಂಗತಿ ಇನ್ನೊಂದಿದೆ. ಕೌರವನ ಮುಖಕ್ಕೆ ನೇರವಾಗಿ ಮಾತಾಡುವ ಧೈರ್ಯ ಆ ಹೊತ್ತಿನಲ್ಲಿ ಇರುವುದು ಕಳೆದುಕೊಳ್ಳಲು ಏನೂ ಇಲ್ಲದ ಈ ಪಿಶಾಚಿಗೆ. ದೊರೆಗೆ ಲೆಕ್ಕ ಒಪ್ಪಿಸುವ ದೆವ್ವ ಎಂಬ ಮಾದರಿ ಕನ್ನಡದಲ್ಲಿ ಅಷ್ಟು ಹಿಂದೆಯೇ ಸಿದ್ಧವಾಗಿತ್ತು.

ಕೂಗಿದ ಹಿಟ್ಟಿನ ಹುಂಜ

1209ರಲ್ಲಿ ಜನ್ನ ‘ಯಶೋಧರ ಚರಿತೆ’ ಬರೆದ. ಚಂಡಮಾರಿಯ ಗುಡಿ, ಬಲಿಗೆಂದು ಹಿಡಿದು ತಂದ ಇಬ್ಬರು ಮಕ್ಕಳು, ಎದುರಿಗೆ ಕತ್ತಿ ಹಿಡಿದ ಅರಸ. ಮಕ್ಕಳು ಅಳುವುದಿಲ್ಲ, ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಯಶೋಧರ ರಾಜ ಕೆಟ್ಟ ಕನಸಿನ ನೆಪ ಹೇಳಿದಾಗ ತಾಯಿ ಬಲಿ ಕೊಡು ಎನ್ನುತ್ತಾಳೆ. ಜೀವಹಿಂಸೆ ಬೇಡವೆಂದು ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯುತ್ತಾರೆ. ಕಡಿದ ಹಿಟ್ಟಿನ ಹುಂಜ ಕೂಗಿಬಿಡುತ್ತದೆ, ಏಕೆಂದರೆ ಅದರೊಳಗೆ ಬೆಂತರ ಹೊಕ್ಕಿದೆ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿತ್ತು ಎಂಬ ಆ ಒಂದು ಕೂಗಿಗೆ ತಾಯಿ–ಮಗ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ತಿರುಗುತ್ತಾರೆ. ಗಿರೀಶ ಕಾರ್ನಾಡರು ಈ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕಕ್ಕೆ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಕನ್ನಡದಲ್ಲಿ ಮೈ ಜುಂ ಎನ್ನಿಸುವ ಕ್ಷಣಗಳನ್ನು ಎಣಿಸಿದರೆ ಆ ಕೂಗು ಮೊದಲ ಸಾಲಿನಲ್ಲಿರುತ್ತದೆ.

ಕೈಕಾಲು ಕಳೆದುಕೊಂಡ ಶಿಲ್ಪಿ

ಮೂರನೆಯದು ಪುಸ್ತಕದಲ್ಲಿ ಹುಟ್ಟಿದ್ದಲ್ಲ, ತುಳು ಪಾಡ್ದನದಲ್ಲಿ ಹಾಡಿಕೊಂಡು ಬಂದದ್ದು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಪಾಡ್ದನದ ಪ್ರಕಾರ ಅದನ್ನು ಕಡೆದ ಕಲ್ಕುಡ ಇಂಥದ್ದನ್ನು ಇನ್ನೊಬ್ಬರಿಗೆ ಮಾಡಿಕೊಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು. ಇಬ್ಬರೂ ಮಾಯವಾಗಿ ಭೂತಗಳಾದರು, ಅರಸನ ಸೀಮೆಯನ್ನು ಕಾಡಿದರು, ಕೊನೆಗೆ ಪೂಜೆ ಪಡೆದರು. ಕೂಲಿಯ ಬದಲು ಕೈ ಕಳೆದುಕೊಂಡ ಕೆಲಸಗಾರ ದೈವವಾಗಿ ಕೋಲದಲ್ಲಿ ನಿಂತು ಮಾತಾಡುವಾಗ ಊರಿನ ಯಜಮಾನ ತಲೆತಗ್ಗಿಸಿ ಕೇಳಬೇಕು. ರನ್ನನ ಮರುಳಿನ ಕೆಲಸವನ್ನೇ ಇಲ್ಲಿ ಕಲ್ಕುಡ ಮಾಡುತ್ತಾನೆ.

ಜಗಳ ಶುರುವಾದದ್ದು ಅನುವಾದದಲ್ಲಿ. 19ನೇ ಶತಮಾನದ ಕೊನೆಯಲ್ಲಿ ಬಾಸೆಲ್ ಮಿಷನ್ನಿನ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಎ. ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿ ಅವರ ಸಾವಿನ ನಂತರ, 1894ರಿಂದ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕಂತುಗಳಾಗಿ ಬಂತು. ಇಂದಿಗೂ ಸಂಶೋಧಕರು ತಿರುವಿ ಹಾಕುವ ಆ ಅಮೂಲ್ಯ ಸಂಗ್ರಹಕ್ಕೆ ಇಟ್ಟ ಹೆಸರು ‘ತುಳುವರ ಸೈತಾನ ಪೂಜೆ’ ಎಂಬ ಅರ್ಥದ್ದು. ಕಲ್ಕುಡನ ನೋವನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡ ಪುಟಗಳ ನೆತ್ತಿಯ ಮೇಲೆ ಅವನನ್ನೇ ಸೈತಾನ ಎಂದು ಕರೆದ ಶೀರ್ಷಿಕೆ. ಒಂದು ಪದದ ಆಯ್ಕೆ ಒಂದು ನಾಡಿನ ನ್ಯಾಯದ ಕಲ್ಪನೆಯನ್ನು ಭಯದ ಕಪಾಟಿಗೆ ಎತ್ತಿಟ್ಟಿತು. ಇಂದಿಗೂ ಹೊರಗಿನವರಿಗೆ ಭೂತಕೋಲವನ್ನು ವಿವರಿಸಲು ಹೊರಟ ಮುಂಬಯಿಯ ತುಳುವರು ಮೊದಲ ವಾಕ್ಯವನ್ನು ‘ಭೂತ ಎಂದರೆ ನೀವಂದುಕೊಂಡ ಭೂತವಲ್ಲ’ ಎಂದೇ ಶುರುಮಾಡಬೇಕಾಗುತ್ತದೆ.

ಮುಂಬಯಿ ದಾರಿಯಲ್ಲಿ

ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ, ಗಿರಣಿಗೆ, ಕಚೇರಿಗೆ ಎಂದು ಬಂದವರು ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿದರು. ಕೋಟೆ, ಮಾಟುಂಗಾ ಕಡೆಯಿಂದ ಪಶ್ಚಿಮ ರೈಲ್ವೆಯ ಗುಂಟ ಉತ್ತರಕ್ಕೆ ಸರಿಯುತ್ತ ಮಹಾನಗರದ ಕೊನೆಯ ತುದಿಯಾದ ದಹಿಸರ್ ತಲುಪಿದರು. ಅವರೊಡನೆ ದೈವಗಳೂ ಬಂದವು, ಶನಿಗ್ರಂಥ ಪಾರಾಯಣವೂ ಬಂತು, ನಾಟಕವೂ ಬಂತು.

ಮೂಲ್ಕಿಯಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಈ ದಾರಿಯಲ್ಲಿ ಮುಂಬಯಿಗೆ ಬಂದವರಲ್ಲಿ ಸದಾನಂದ ಸುವರ್ಣ ಒಬ್ಬರು. ಮುಂಬಯಿ ಕನ್ನಡ ರಂಗಭೂಮಿಯಲ್ಲಿ ಬೆಳೆದ ಅವರು ಎರಡು ಕೃತಿಗಳ ಮೂಲಕ ಕನ್ನಡದ ಭಯಕ್ಕೆ ಎರಡು ಮುಖ ಕೊಟ್ಟರು.

ಮೊದಲನೆಯದು ಅವರು ನಿರ್ಮಿಸಿದ ‘ಘಟಶ್ರಾದ್ಧ’ (1977). ಯು. ಆರ್. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ಬಿ. ವಿ. ಕಾರಂತರ ಸಂಗೀತ, ಸ್ವರ್ಣಕಮಲ. ಇದನ್ನು ಯಾರೂ ಹಾರರ್ ಚಿತ್ರಗಳ ಪಟ್ಟಿಗೆ ಸೇರಿಸುವುದಿಲ್ಲ. ಆದರೂ ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಹೆದರಿಕೆಯ ಎಲ್ಲ ಸಾಮಗ್ರಿಯೂ ಇದೆ: ಕಾಡು, ರಾತ್ರಿ, ಹಾವಿನ ಹುತ್ತ, ಪಿಸುಮಾತು. ಇಲ್ಲದಿರುವುದು ದೆವ್ವ ಮಾತ್ರ. ಗರ್ಭಿಣಿಯಾದ ವಿಧವೆ ಯಮುನಕ್ಕನ ಹೆಸರಿನಲ್ಲಿ ಮಡಕೆಯಿಟ್ಟು ಅವಳ ಶ್ರಾದ್ಧ ಮಾಡುತ್ತಾರೆ. ಅವಳು ಬದುಕಿದ್ದಾಳೆ, ಉಸಿರಾಡುತ್ತಿದ್ದಾಳೆ, ಆದರೆ ಶಾಸ್ತ್ರದ ಲೆಕ್ಕದಲ್ಲಿ ಪ್ರೇತ. ಅತ್ತ ವಯಸ್ಸಾದ ತಂದೆಗೆ ಎಳೆಯ ಹುಡುಗಿಯೊಡನೆ ಮದುವೆಯ ಸಿದ್ಧತೆ. ಸತ್ತವರು ಎದ್ದು ಬರುವುದು ಎಲ್ಲ ಭಾಷೆಗಳ ದೆವ್ವದ ಕಥೆಗಳಲ್ಲಿ ಇದೆ. ಬದುಕಿರುವವಳನ್ನು ಊರು ಸೇರಿ ಪ್ರೇತ ಮಾಡುವುದು ಅದಕ್ಕಿಂತ ಭೀಕರ. ಅದಕ್ಕೆ ಮಂತ್ರವಾದಿ ಬೇಕಿಲ್ಲ, ಒಪ್ಪಿಗೆ ಸೂಚಿಸಿ ಸುಮ್ಮನೆ ಕೂರುವ ಹತ್ತು ಮಂದಿ ಸಾಕು.

ಎರಡನೆಯದು 1990ರ ಸುಮಾರಿಗೆ ದೂರದರ್ಶನಕ್ಕೆ ಅವರು ನಿರ್ದೇಶಿಸಿದ ‘ಗುಡ್ಡದ ಭೂತ’. ಪ್ರಕಾಶ್ ರೈ ಆಗಿನ್ನೂ ಹೊಸ ಮುಖ. ಶೀರ್ಷಿಕೆಯೇ ಎರಡು ಅಲಗಿನದು: ಕರಾವಳಿಯವರಿಗೆ ಅದು ಪೂಜೆಗೊಳ್ಳುವ ಭೂತವೂ ಆಗಬಹುದು, ಬಯಲುಸೀಮೆಯವರಿಗೆ ಹೆದರಿಸುವ ಭೂತವೇ. ‘ಡೆನ್ನಾನ ಡೆನ್ನಾನ’ ಎಂಬ ಶೀರ್ಷಿಕೆಗೀತೆ ಕೇಳಿದೊಡನೆ ಹೊದಿಕೆ ಎಳೆದುಕೊಂಡ ಮಕ್ಕಳ ಒಂದು ತಲೆಮಾರೇ ಕರ್ನಾಟಕದಲ್ಲಿದೆ. ಹಾಡಿನ ಭಾಷೆ ತುಳು. ಹೆದರಿದವರಲ್ಲಿ ಬಹಳ ಮಂದಿಗೆ ಅದರ ಅರ್ಥವೇ ತಿಳಿದಿರಲಿಲ್ಲ. 2015ರ ‘ರಂಗಿತರಂಗ’ ಅದೇ ಹಾಡನ್ನು, ಅದೇ ಭೂತದ ಹೆಸರನ್ನು ಮತ್ತೆ ಎತ್ತಿಕೊಂಡಿತು. ಅದರಲ್ಲಿಯೂ ಊರಿನ ಭಯವನ್ನು ಮರೆಮಾಡಿಕೊಂಡು ಕೊಲ್ಲುವವನು ಮನುಷ್ಯನೇ.

ಮುಂಬಯಿಯಿಂದ ಹೊರಟ ಇನ್ನೊಂದು ಎಳೆಯೂ ಇದೆ. ಮುಂಬಯಿ ರಂಗಭೂಮಿಯಲ್ಲಿ ಪಳಗಿದ ಅನಂತನಾಗ್ 1979ರಲ್ಲಿ ಲಕ್ಷ್ಮಿಯವರೊಡನೆ ನಟಿಸಿದ ‘ನಾ ನಿನ್ನ ಬಿಡಲಾರೆ’ ಕನ್ನಡ ಹಾರರ್‌ಗೆ ದಾರಿ ತೆರೆಯಿತು. ತಿರಸ್ಕಾರಕ್ಕೆ ಒಳಗಾಗಿ ಸತ್ತ ಹೆಣ್ಣು ದಂಪತಿಯ ಮನೆಗೆ ನುಗ್ಗುವ ಈ ಕಥೆ 1981ರಲ್ಲಿ ‘ಮಂಗಲಸೂತ್ರ’ ಎಂದು ಹಿಂದಿಗೂ ಹೋಯಿತು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ಗಾಳಿಸುದ್ದಿ ಹಬ್ಬಿತು. ಪರಿಚಿತರ ದನಿಯಲ್ಲಿ ಕರೆಯುವ, ಬರಹ ಓದಿ ನಂಬಿ ಮರಳುವ, ದಿನವೂ ಅದೇ ಮಾತಿಗೆ ಮೋಸಹೋಗುವ ದೆವ್ವ ಅದು. ಅದೇ ನಂಬಿಕೆಯ ಉತ್ತರದ ರೂಪವನ್ನು 2018ರ ಹಿಂದಿ ಚಿತ್ರ ‘ಸ್ತ್ರೀ’ ಬಳಸಿಕೊಂಡು ಅದಕ್ಕೊಂದು ಪ್ರಶ್ನೆ ಸೇರಿಸಿತು: ಬಾಗಿಲಿಗೆ ಬಂದವಳು ಕೇಳುತ್ತಿರುವುದು ಏನು?

ಆ ಪ್ರಶ್ನೆ ಇಡೀ ಪಟ್ಟಿಗೆ ಸಲ್ಲುತ್ತದೆ. ಮರುಳು, ಹಿಟ್ಟಿನ ಹುಂಜ, ಕಲ್ಕುಡ, ‘ನಾ ನಿನ್ನ ಬಿಡಲಾರೆ’ಯ ಹೆಣ್ಣು: ಎಲ್ಲರೂ ಬಾಕಿ ವಸೂಲಿಗೆ ಬಂದವರು. ಯಮುನಕ್ಕ ಮಾತ್ರ ವಸೂಲಿಗೆ ಬರಲಾರಳು, ಏಕೆಂದರೆ ಅವಳು ಸತ್ತಿಲ್ಲ.

ಇಲ್ಲಿಯೇ ಒಂದು ಎಚ್ಚರವೂ ಬೇಕು. ಬಾಕಿಯ ನೆನಪಾಗಿ ಬರುವ ಭಯ ಬೇರೆ, ಭಯದ ವ್ಯಾಪಾರ ಬೇರೆ. ಮಾಟ ಮಾಡಿದಳೆಂದು ಒಬ್ಬಳನ್ನು ಹೊಡೆಯುವುದು, ಮೈಮೇಲೆ ಬಂದಿದೆಯೆಂದು ಕಾಯಿಲೆಯವರನ್ನು ಬರೆ ಹಾಕುವುದು ಕಥೆಯಲ್ಲ, ಅಪರಾಧ. ಮಹಾರಾಷ್ಟ್ರದಲ್ಲಿ ಇದರ ವಿರುದ್ಧದ ಕಾನೂನಿಗಾಗಿ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು, ವರ್ಷದ ಕೊನೆಗೆ ಅದು ಕಾಯಿದೆಯಾಯಿತು. ಕರ್ನಾಟಕದ ಕಾಯಿದೆ 2017ರದು. ಈ ಕಾನೂನುಗಳ ಪುಟಗಳಲ್ಲಿ ಇರುವುದೂ ಘಟಶ್ರಾದ್ಧದ ಪಾಠವೇ: ದೆವ್ವವಿದೆಯೋ ಇಲ್ಲವೋ, ದೆವ್ವದ ಹೆಸರಿನಲ್ಲಿ ಪೆಟ್ಟು ತಿನ್ನುವ ಮೈ ನಿಜ.

ಸದಾನಂದ ಸುವರ್ಣ 2024ರ ಜುಲೈನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು, 92ನೇ ವಯಸ್ಸಿನಲ್ಲಿ. ಎರಡು ತಿಂಗಳೂ ಕಳೆಯುವ ಮೊದಲು, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಜೋಡಿಸಿ ಮತ್ತೆ ಹೊಳಪುಗೊಳಿಸಿದ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಬಂತು. ಆಗಿಹೋದದ್ದು ಹೀಗೂ ಎದ್ದು ಬರುತ್ತದೆ.

ತುಳುವರಲ್ಲಿ ಸತ್ತವರನ್ನು ‘ಕುಲೆ’ ಎನ್ನುತ್ತಾರೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ, ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ಸುಮ್ಮನೆ ನಿಲ್ಲುತ್ತಾರೆ. ದಹಿಸರ್‌ನ ಫ್ಲ್ಯಾಟುಗಳಲ್ಲಿ ಹೊರಗೆ ಎಂದರೆ ಲಿಫ್ಟಿನ ಮುಂದಿನ ಕಿರಿದಾದ ಜಾಗ. ಅಲ್ಲಿ ನಿಂತವರಿಗೆ ಹೆದರಿಕೆಯಿರುವುದಿಲ್ಲ. ಉಪ್ಪು ಸರಿಯಾಗಿತ್ತೋ ಇಲ್ಲವೋ ಎಂಬ ಚಿಂತೆಯಿರುತ್ತದೆ.