ಮಡ್ಡಿ, ಎರೆ, ಸುಣ್ಣದ ಹರಳು: ಜತ್ತ ಸೀಮೆಯ ಗುಡ್ಡಗಳಲ್ಲಿ ಸೈಕಲ್ ಹಾದಿ

ನೆಲ ಹೇಗಿದೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಮಹಾರಾಷ್ಟ್ರದಲ್ಲಿದ್ದರೂ ಬಿಳೂರ, ಉಮರಾಣಿ, ಗುಡ್ಡಾಪುರ, ಸಂಖ, ಉಮದಿಯಂಥ ಊರುಗಳ ಮನೆಮಾತು ಕನ್ನಡ. ದಕ್ಷಿಣಕ್ಕೆ ಅಥಣಿ ಸೀಮೆ, ಪೂರ್ವಕ್ಕೆ ವಿಜಯಪುರ ಜಿಲ್ಲೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಭಾಗಕ್ಕೆ ಮುಂಗಾರು ಕೈಕೊಡುವುದೇ ಹೆಚ್ಚು. ಬಂದಷ್ಟು ಮಳೆಯಲ್ಲಿ ಹಿಂಗಾರಿಯ ಪಾಲೂ ಇರುತ್ತದೆ.

ಇಲ್ಲಿ ಕಡಿದಾದ ಬೆಟ್ಟಗಳಿಲ್ಲ. ತಗ್ಗಿನಲ್ಲಿ ಎರೆ ಹೊಲ, ದಿನ್ನೆಯಲ್ಲಿ ಗರಸು, ಅದರ ಮೇಲೆ ಕಲ್ಲು ಎದ್ದ ಮಡ್ಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯಲ್ಲಿ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾದಿಂದಲೇ ಈ ಆಕಾರ ಬಂದಿದೆ. ಗುಡ್ಡದ ನೆತ್ತಿ ಸಪಾಟು, ಅಂಚು ಮೆಟ್ಟಿಲು ಮೆಟ್ಟಿಲು. ಮೌಂಟೇನ್ ಬೈಕ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಏರು ಚಿಕ್ಕದು, ಏರಿದ ಮೇಲೆ ಬಹುದೂರ ಸಮತಟ್ಟು, ಆಮೇಲೆ ಹಳ್ಳಕ್ಕೆ ಇಳಿತ.

ಮೌಂಟೇನ್ ಬೈಕ್ ಬಂದ ಬಗೆ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಮೌಂಟ್ ಟಮಾಲ್‌ಪೈಸ್ ಎಂಬ ಗುಡ್ಡದ ಮಣ್ಣುದಾರಿಗಳಲ್ಲಿ, ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಇಳಿಜಾರಿಗೆ ಬಿಡಲಾರಂಭಿಸಿದರು. ಹಿಂಗಾಲಿಯ ಬ್ರೇಕ್ ಕಾದು ಒಳಗಿನ ಗ್ರೀಸ್ ಸುಟ್ಟು ಹೋಗುತ್ತಿತ್ತು; ಪ್ರತಿ ಇಳಿತದ ನಂತರ ಮತ್ತೆ ತುಂಬಬೇಕಿತ್ತು. 1976ರಲ್ಲಿ ಮರಿನ್ ಕೌಂಟಿಯಲ್ಲೇ ಪಂದ್ಯ ಶುರುವಾಯಿತು. ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚೀ ಮುಂತಾದವರು ಈ ಓಟಕ್ಕೆಂದೇ ಚೌಕಟ್ಟು, ಗೇರು ಜೋಡಿಸಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದು, ಮೌಂಟೇನ್ ಬೈಕ್ ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗತೊಡಗಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್‌ಕಂಟ್ರಿ ಸ್ಪರ್ಧೆ ಸೇರಿತು.

ಕಾಡುದಾರಿಗೆ ಸೈಕಲ್ ಇಳಿದದ್ದು ಮಾತ್ರ ನಮ್ಮಲ್ಲಿ ಹೊಸದಲ್ಲ. ಹಾಲಿನ ಕ್ಯಾನು, ಮೇವಿನ ಸೂಡು ಹೇರಿಕೊಂಡು ಗೇರಿಲ್ಲದ ಕರಿ ಸೈಕಲ್ಲಿನಲ್ಲಿ ಗರಸಿನ ದಾರಿ ತುಳಿದವರು ಈ ಸೀಮೆಯ ಪ್ರತಿ ಊರಲ್ಲೂ ಇದ್ದಾರೆ.

ಎರಡು ದೇಶದ ಸುಣ್ಣ

ಗುಡ್ಡದ ಸೈಕಲ್ ಹಾದಿಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಸೌತ್ ಡೌನ್ಸ್ ವೇ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿ.ಮೀ. ಉದ್ದಕ್ಕೂ ಸೀಮೆಸುಣ್ಣದ ಗುಡ್ಡ, ಅಂಚಿನಲ್ಲಿ ಅಡವಿ. ಆ ಬಿಳಿ ಕಲ್ಲು ಕ್ರಿಟೇಶಿಯಸ್ ಯುಗದ ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು ತಳಕ್ಕೆ ಕೂತು ಆದದ್ದು. ಆ ಯುಗ ಮುಗಿಯುವ ಹೊತ್ತಿಗೇ ದಖ್ಖನಿನಲ್ಲಿ ಲಾವಾ ಉಕ್ಕುತ್ತಿತ್ತು.

ನಮ್ಮಲ್ಲಿ ಅಂಥ ಸೀಮೆಸುಣ್ಣದ ಬೆಟ್ಟವಿಲ್ಲ. ಆದರೆ ಹಳ್ಳದ ದಂಡೆ ಕಡಿದ ಜಾಗದಲ್ಲಿ ನಿಂತು ನೋಡಿದರೆ ಎರೆಮಣ್ಣಿನ ಕೆಳಪದರದಲ್ಲಿ ಗೋಲಿಯಷ್ಟು, ಕೆಲವೆಡೆ ಮುಷ್ಟಿಯಷ್ಟು ಬಿಳಿ ಹರಳು ಸಿಗುತ್ತವೆ. ಇವೂ ಕ್ಯಾಲ್ಸಿಯಂ ಕಾರ್ಬೊನೇಟೇ. ಒಣಹವೆಯಲ್ಲಿ ಮಣ್ಣಿನ ನೀರು ಆರುತ್ತ ಹೋದಂತೆ ಅದರಲ್ಲಿ ಕರಗಿದ್ದ ಸುಣ್ಣ ಗಟ್ಟಿಯಾಗಿ ಹರಳುಗಟ್ಟುತ್ತದೆ. ಹಿಂದೆ ಮನೆ ಕಟ್ಟುವ ಗಾರೆಗೆ ಇವನ್ನೇ ಸುಡುತ್ತಿದ್ದರು. ಇಳಿಜಾರಿನ ದಾರಿಯಲ್ಲಿ ಇವು ಸಡಿಲವಾಗಿ ಹರಡಿದ್ದರೆ ಮುಂಗಾಲಿ ಜಾರುತ್ತದೆ; ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು.

ತೊಯ್ದ ಸೀಮೆಸುಣ್ಣದ ಕಲ್ಲು ಸಾಬೂನಿನಂತೆ ಜಾರುತ್ತದೆ, ಇಂಗ್ಲೆಂಡಿನವರ ಎಚ್ಚರವೆಲ್ಲ ಅದರ ಬಗ್ಗೆ. ತೊಯ್ದ ಎರೆಯ ಕಷ್ಟ ಬೇರೆ. ಅದು ಟೈರಿಗೆ ಮೆತ್ತಿಕೊಂಡು, ಮೆತ್ತಿದ್ದಕ್ಕೆ ಕಡ್ಡಿಕಸ ಅಂಟಿ, ಫೋರ್ಕಿನ ಸಂದು ತುಂಬಿ, ಕೊನೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಸೈಕಲ್ ಹೆಗಲಿಗೇರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಗಾಲಿ ಸಿಕ್ಕುವಷ್ಟು ಅಗಲ ಬಿರಿಯುತ್ತದೆ. ಹಾಗಾಗಿ ಹಾದಿ ಆರಿಸುವಾಗ ಎರೆ ಬಿಟ್ಟು ಗರಸು ಹಿಡಿಯಬೇಕು. ಗರಸಿನಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೇ ದಾರಿ ಗಟ್ಟಿಯಾಗುತ್ತದೆ.

ಹಾದಿ ಯಾರದು

ಗುಡ್ಡದಲ್ಲಿ ಹೊಸ ದಾರಿ ಕಡಿಯುವ ಅಗತ್ಯ ಬಹಳ ಕಡಿಮೆ. ಚಕ್ಕಡಿ ದಾರಿ, ಕಾಲುದಾರಿ, ಕುರಿದಾರಿ ಮೊದಲೇ ಇವೆ. ಹೊಲದ ನಡುವಿನ ದಾರಿಗಳಿಗೆ ಮಹಾರಾಷ್ಟ್ರದ ಕಂದಾಯ ವ್ಯವಹಾರದಲ್ಲಿ ಪಾಣಂದ ರಸ್ತೆ ಎನ್ನುತ್ತಾರೆ. ಕರ್ನಾಟಕದ ಗ್ರಾಮನಕ್ಷೆಗಳಲ್ಲೂ ಬಂಡಿದಾರಿ, ಕಾಲುದಾರಿಗಳನ್ನು ಗುರುತು ಮಾಡಿರುತ್ತಾರೆ.

ಇನ್ನೊಂದು ಜಾಲ ಭಕ್ತರದು. 12ನೇ ಶತಮಾನದ ಶರಣೆ ದಾನಮ್ಮ ಹುಟ್ಟಿದ್ದು ಉಮರಾಣಿಯಲ್ಲಿ, ಆಕೆಯ ದೊಡ್ಡ ಕ್ಷೇತ್ರ ಗುಡ್ಡಾಪುರ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ಪಾದಯಾತ್ರೆ ಬರುತ್ತಾರೆ. ಆ ದಿನಗಳಲ್ಲಿ ಈ ದಾರಿಗಳಲ್ಲಿ ಸೈಕಲ್ ಓಡಿಸದಿರುವುದೇ ಸರಿ.

ಮೂರನೆಯದು ಕುರಿಗಾರರದು. ಜತ್ತ ತಾಲ್ಲೂಕಿನ ಮಾಡಗ್ಯಾಳ ಎಂಬ ಊರಿನ ಹೆಸರಿನ ಕುರಿ ತಳಿ ದೂರದವರೆಗೂ ಗೊತ್ತು: ಎತ್ತರದ ನಿಲುವು, ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ. ಹಿಂಡು ಮಡ್ಡಿಯನ್ನು ನೇರವಾಗಿ ಏರುವುದಿಲ್ಲ. ಓರೆಯಾಗಿ, ಒಂದೇ ಮಟ್ಟ ಹಿಡಿದು ಸುತ್ತುತ್ತ ಏರುತ್ತದೆ. ಸೈಕಲ್ ಹಾದಿಗೂ ಬೇಕಾದದ್ದು ಇದೇ ಗೆರೆ.

ಇಂಗ್ಲೆಂಡಿನಲ್ಲಿ 1968ರ ಕಂಟ್ರಿಸೈಡ್ ಕಾಯ್ದೆ ಕುದುರೆದಾರಿಗಳಲ್ಲಿ ಸೈಕಲ್‌ಗೆ ಅವಕಾಶ ಕೊಟ್ಟಿತು, ಜೊತೆಗೆ ಒಂದು ಷರತ್ತು: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರ ದಾರಿ ಬಿಡಬೇಕು. ನಮ್ಮಲ್ಲಿ ಅಂಥ ಕಾಯ್ದೆಗೆ ಕಾಯುವುದು ಬೇಡ. ಹಿಂಡು ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲಬೇಕು, ಚಕ್ಕಡಿಯ ಎತ್ತು ಬೆದರುವಂತೆ ಹಿಂದಿನಿಂದ ನುಗ್ಗಬಾರದು, ಬಿತ್ತಿದ ಹೊಲದ ಬದು ತುಳಿಯಬಾರದು.

ನೀರು ಮತ್ತು ಇಳಿಜಾರು

ಹಾದಿಯನ್ನು ಕೆಡಿಸುವುದರಲ್ಲಿ ಗಾಲಿಗಿಂತ ನೀರಿನ ಪಾಲು ದೊಡ್ಡದು. ಹಾದಿ ಗುಡ್ಡದ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದರೆ ಮಳೆನೀರು ಅದನ್ನೇ ಕಾಲುವೆ ಮಾಡಿಕೊಂಡು ಕೊರೆಯುತ್ತದೆ. ಹಾದಿ ಕಟ್ಟುವವರು ಪಾಲಿಸುವ ಲೆಕ್ಕ ಹೀಗೆ: ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು, ಸರಾಸರಿ 100 ಮೀಟರ್ ದೂರಕ್ಕೆ 10 ಮೀಟರ್ ಏರಿದರೆ ಸಾಕು, ಹಾದಿಯ ಹೊರ ಅಂಚು ತುಸು ತಗ್ಗಾಗಿರಬೇಕು, ಅಲ್ಲಲ್ಲಿ ಚಿಕ್ಕ ಏರಿಳಿತ ಬಿಟ್ಟು ನೀರು ಹೊರಗೆ ಹರಿದು ಹೋಗುವಂತೆ ಮಾಡಬೇಕು. ಹೊಲಕ್ಕೆ ಒಡ್ಡು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಹಾದಿ ಮಾಡುವುದಾದರೆ ಮೊದಲು ಅವರನ್ನೇ ಕರೆಯಬೇಕು.

ಟೈರು ಮತ್ತು ಮುಳ್ಳು

ಮೌಂಟೇನ್ ಬೈಕಿನ ಟೈರು ಸಾಮಾನ್ಯವಾಗಿ 2ರಿಂದ 2.4 ಇಂಚು ದಪ್ಪ. ರಸ್ತೆ ಸೈಕಲ್ಲಿಗಿಂತ ಬಹಳ ಕಡಿಮೆ ಗಾಳಿ ಹಾಕುತ್ತಾರೆ, ಆಗ ಟೈರು ಕಲ್ಲಿನ ಮೇಲೆ ಒತ್ತಿ ಕೂತು ಹಿಡಿತ ಸಿಗುತ್ತದೆ.

ಈ ಸೀಮೆಯಲ್ಲಿ ನಿಜವಾದ ಕಾಟ ಮುಳ್ಳಿನದು. ಜಾಲಿಮುಳ್ಳು ಎಲ್ಲರಿಗೂ ಗೊತ್ತು, ಕಣ್ಣಿಗೂ ಬೀಳುತ್ತದೆ. ನೆಗ್ಗಿನಮುಳ್ಳು ಹಾಗಲ್ಲ. ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂ. ಕಾಯಿ ಒಣಗಿದಾಗ ಐದು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ತುಂಡಿಗೂ ಗಟ್ಟಿ ಮುಳ್ಳುಗಳಿದ್ದು, ಹೇಗೇ ಬಿದ್ದರೂ ಒಂದಾದರೂ ಮೇಲ್ಮುಖವಾಗಿ ನಿಲ್ಲುತ್ತದೆ. ಹಿಂಗಾರಿ ಮುಗಿದ ಮೇಲೆ ದಾರಿಯ ಅಂಚಿನಲ್ಲಿ ಇವೇ ಚೆಲ್ಲಿರುತ್ತವೆ. ಟ್ಯೂಬಿಲ್ಲದ ಟೈರಿನೊಳಗೆ ಸೀಲಂಟ್ ದ್ರವ ಹಾಕಿದ್ದರೆ ಸಣ್ಣ ತೂತು ತಾನೇ ಮುಚ್ಚುತ್ತದೆ. ಟ್ಯೂಬ್ ಇದ್ದರೆ ಪಂಕ್ಚರ್ ಸಾಮಾನು, ಪಂಪು ಜೊತೆಗಿರಲೇಬೇಕು. ಟೈರಿಗೆ ಚುಚ್ಚಿದ ಮುಳ್ಳನ್ನು ಕಿತ್ತು, ಒಳಮೈಯನ್ನು ಬೆರಳಿನಿಂದ ಪೂರ್ತಿ ತಡವಿ ನೋಡದೆ ಹೊಸ ಟ್ಯೂಬ್ ಹಾಕಬಾರದು. ಕುಡಿಯುವ ನೀರು ದಾರಿಯಲ್ಲಿ ಸಿಗುತ್ತದೆಂದು ನಂಬಬಾರದು. ಇಲ್ಲಿ ಸೈಕಲ್ ಓಡಿಸಲು ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ.

ಅಡವಿ, ಹುಲ್ಲುಗಾವಲು, ಕಾನೂನು

ದಖ್ಖನಿನ ಹುಲ್ಲುಮಡ್ಡಿಗಳನ್ನು ಬಂಜರು ಎಂದು ಬರೆದುಬಿಡುವುದು ದೊಡ್ಡ ಅನ್ಯಾಯ. ತೋಳ, ನರಿ, ಮೊಲ ಬದುಕುವ ನೆಲ ಇದು. ಟಿಟ್ಟಿಭ, ಗೌಜಲು, ನೆಲಗುಬ್ಬಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಇದ್ದ ದಾರಿ ಬಿಟ್ಟು ಹುಲ್ಲಿನಲ್ಲಿ ಗಾಲಿ ಇಳಿಸಿದರೆ ಗೂಡು ಹೊಸಕಿದ್ದು ಸವಾರನಿಗೆ ಗೊತ್ತೂ ಆಗುವುದಿಲ್ಲ.

ವನ್ಯಧಾಮವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಇಲ್ಲದೆ ಒಳಹೋಗುವಂತಿಲ್ಲ. ಸಾಂಗ್ಲಿ ಜಿಲ್ಲೆಯ ಸಾಗರೇಶ್ವರ (1985), ಗದಗ ಜಿಲ್ಲೆಯ ಕಪ್ಪತಗುಡ್ಡ (2019) ಎರಡೂ ಹಾಗೆ ಘೋಷಿತವಾದವು. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಬೆಂಗಳೂರಿನ ತುರಹಳ್ಳಿ ಕಾಡು ಎಷ್ಟೋ ಸವಾರರು ಗುಡ್ಡದ ಸೈಕಲ್ ಕಲಿತ ಜಾಗ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಕಾಡು ಕಾಡಾಗಿಯೇ ಇರಲಿ ಎಂದು ಸುತ್ತಲಿನ ನಾಗರಿಕರು ಬೀದಿಗಿಳಿದರು.

ಕ್ರೀಡೆಯಾಗಿ

ವಿಜಯಪುರ, ಬಾಗಲಕೋಟೆ, ಗದಗ ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆಗಳು. ರೈತಾಪಿ ಮನೆಯ ಹೆಣ್ಣುಮಕ್ಕಳು ಇಲ್ಲಿಂದ ಹೋಗಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಒಲಿಂಪಿಕ್ ಮಾದರಿಯ ಕ್ರಾಸ್‌ಕಂಟ್ರಿಗೆ 4ರಿಂದ 6 ಕಿ.ಮೀ.ಯ ಒಂದು ಸುತ್ತು ಸಾಕು. ಅದನ್ನೇ ಹಲವು ಬಾರಿ ಸುತ್ತುತ್ತ ಸವಾರರು ಒಂದೂವರೆ ತಾಸಿನ ಆಸುಪಾಸಿನಲ್ಲಿ ಪಂದ್ಯ ಮುಗಿಸುತ್ತಾರೆ. ಅಷ್ಟು ಉದ್ದದ, ಏರು, ಕಲ್ಲಿಳಿತ, ಹಳ್ಳದ ದಾಟು ಮೂರೂ ಇರುವ ಕುರಿದಾರಿ ಈ ಮಡ್ಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಅದಕ್ಕೆ ಗ್ರಾಮಸಭೆಯ ಒಪ್ಪಿಗೆ, ಕುರಿಗಾರರ ಜೊತೆ ಸಮಯದ ಹೊಂದಾಣಿಕೆ, ಮಳೆಯ ನಂತರ ವರ್ಷಕ್ಕೊಮ್ಮೆ ಸನಿಕೆ ಹಿಡಿಯುವ ಹತ್ತಾರು ಕೈ ಬೇಕು.