ಹೊಸೂರಿನಿಂದ ಬೆಂಗಳೂರಿಗೆ: ಪ್ರಮಾಣಪತ್ರಗಳು ದಾಟಿದ ಗಡಿ

ಹೊಸೂರು ಇಂದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. 2004ಕ್ಕೆ ಮುನ್ನ ಅದು ಧರ್ಮಪುರಿಗೆ, 1965ಕ್ಕೆ ಮುನ್ನ ಸೇಲಂ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಹೆಸರು ಬದಲಾದರೂ ದೂರ ಬದಲಾಗಲಿಲ್ಲ. ಬೆಂಗಳೂರು ಸುಮಾರು 40 ಕಿಲೋಮೀಟರ್, ಸೇಲಂ ಅದರ ನಾಲ್ಕರಷ್ಟು. ಈ ಭಾಗದ ಕನ್ನಡ ಮನೆಗಳ ಹುಡುಗರು ಕಾಲೇಜಿಗೆ ಯಾವ ದಿಕ್ಕಿಗೆ ಹೋದರು ಎಂಬುದನ್ನು ನಿರ್ಧರಿಸಿದ್ದು ಮಾತ್ರ ಈ ದೂರವಲ್ಲ, ಅವರ ಕೈಯಲ್ಲಿದ್ದ ಪ್ರಮಾಣಪತ್ರ.

ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಉನ್ನತ ಶಿಕ್ಷಣದ ಹೆಬ್ಬಾಗಿಲು. ಅಲ್ಲಿ ಇಂಗ್ಲಿಷ್ ಕಡ್ಡಾಯ. ಎರಡನೆಯ ಭಾಷೆಯಾಗಿ ತಮಿಳು, ತೆಲುಗುಗಳ ಜೊತೆಗೆ ಕನ್ನಡಕ್ಕೂ ಸ್ಥಾನವಿತ್ತು. ಅದಾದ ಮೇಲೆ ಎರಡು ವರ್ಷಗಳ ಎಫ್.ಎ., ಅದನ್ನು ದಾಟಿದವರಿಗೆ ಬಿ.ಎ. ಸೇಲಂನ ಶಾಲೆ 1879ರಲ್ಲಿ ಎರಡನೆಯ ದರ್ಜೆಯ ಕಾಲೇಜಾಯಿತು. ಎಂದರೆ ಅಲ್ಲಿ ಎಫ್.ಎ.ವರೆಗೆ ಮಾತ್ರ ಪಾಠ. ಮುಂದೆ ಓದಬೇಕಾದವನು ಊರು ಬಿಡಬೇಕು, ಆದರೆ ಓದಿದ ಎರಡು ವರ್ಷ ವ್ಯರ್ಥವಾಗುತ್ತಿರಲಿಲ್ಲ. ಮದರಾಸಿಗೆ ಸಂಯೋಜಿತವಾದ ಯಾವ ಕಾಲೇಜಿನಲ್ಲೂ ಬಿ.ಎ. ತರಗತಿಗೆ ಆ ಎಫ್.ಎ. ಸಲ್ಲುತ್ತಿತ್ತು. ಇಂದು ನಾವು ಕ್ರೆಡಿಟ್ ಎನ್ನುವುದರ ಹಳೆಯ ರೂಪ ಇದೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಹೊಸೂರು ಇದ್ದದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ಆದರೆ ಆ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. ರಾಜ್ಯದ ಗಡಿ ಇತ್ತು, ಪ್ರಮಾಣಪತ್ರಕ್ಕೆ ಗಡಿ ಇರಲಿಲ್ಲ. ಹೊಸೂರು ತಾಲ್ಲೂಕಿನ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸೂರಿನಲ್ಲಿ ಓದಿ, ಸೆಂಟ್ರಲ್ ಕಾಲೇಜಿಗೆ ಹೋಗಿ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು ಮುಗಿಸಿ, ಸೇಲಂನಲ್ಲಿ ವಕೀಲರಾದರು. ಆ ಸುತ್ತುದಾರಿಯಲ್ಲಿ ಸಮಾನತಾ ಪತ್ರ ಕೊಡಿ ಎಂದು ಯಾರೂ ಕೇಳುವ ಪ್ರಮೇಯವೇ ಇರಲಿಲ್ಲ.

ಹಾಗೆಂದು ಆ ಪರೀಕ್ಷೆಗಳೇನೂ ಕರುಣಾಮಯಿಗಳಲ್ಲ. ಈರೋಡಿನಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್ ಮೆಟ್ರಿಕ್ಯುಲೇಷನ್ ಮುಗಿಸಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಕಾಲೇಜಿಗೆ ಸೇರಿದರು. ಗಣಿತವಲ್ಲದ ವಿಷಯಗಳಲ್ಲಿ ಸೋತು ವೇತನವನ್ನೂ ಕಳೆದುಕೊಂಡರು, ಮುಂದೆ ಎಫ್.ಎ. ತೇರ್ಗಡೆಯಾಗಲೇ ಇಲ್ಲ. ಮದರಾಸಿನ ಲೆಕ್ಕದಲ್ಲಿ ಅವರು ಅನರ್ಹರು. ಕೇಂಬ್ರಿಜ್ ಅವರನ್ನು ಎಫ್.ಎ. ಇಲ್ಲದೆಯೇ ಸೇರಿಸಿಕೊಂಡು, 1916ರಲ್ಲಿ ಸಂಶೋಧನೆಯ ಆಧಾರದ ಮೇಲೆ ಪದವಿ ನೀಡಿತು. ಪತ್ರದ ಬೆಲೆಯನ್ನು ಕಟ್ಟುವವರು ಅದನ್ನು ಕೊಟ್ಟವರಿಗಿಂತ ಹೆಚ್ಚಾಗಿ ಪಡೆದುಕೊಳ್ಳುವವರು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಅದೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಕನ್ನಡಿಗರೆಲ್ಲರಿಗೂ ಹೆಮ್ಮೆಯ ವರ್ಷ. ಸೆಂಟ್ರಲ್ ಕಾಲೇಜು ಅದರ ಭಾಗವಾಯಿತು. ಹೊಸೂರಿನ ಹುಡುಗನಿಗೆ ಮಾತ್ರ, 40 ಕಿಲೋಮೀಟರ್ ದೂರದ ಕಾಲೇಜು ಅಂದಿನಿಂದ ಪರ ವಿಶ್ವವಿದ್ಯಾನಿಲಯದ ಕಾಲೇಜು. ವಿಶ್ವವಿದ್ಯಾನಿಲಯಗಳು ಹೆಚ್ಚಿದಂತೆ ಒಂದರ ಪರೀಕ್ಷೆ ಇನ್ನೊಂದಕ್ಕೆ ಸಮವೇ ಎಂಬ ಪ್ರಶ್ನೆಯೂ ಬೆಳೆಯಿತು. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ರೂಪುಗೊಂಡಿತು. ಮುಂದೆ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂಬ ಹೆಸರಿನಲ್ಲಿ ಅದು ಬಹುಕಾಲ ವಿದೇಶೀ ಪ್ರಮಾಣಪತ್ರಗಳ ಸಮಾನತೆಯನ್ನು ತೀರ್ಮಾನಿಸುತ್ತಿತ್ತು.

ನಮ್ಮ ಹಿರಿಯರಲ್ಲಿ ಕೆಲವರು ಕಂಡುಂಡ ಗೊಂದಲ ಎಪ್ಪತ್ತರ ದಶಕದ್ದು. ಕರ್ನಾಟಕದಲ್ಲಿ ಹತ್ತು ವರ್ಷದ ಎಸ್.ಎಸ್.ಎಲ್.ಸಿ.ಯ ಮೇಲೆ ಎರಡು ವರ್ಷದ ಪಿ.ಯು.ಸಿ. ಬಂದಿತ್ತು. ತಮಿಳುನಾಡಿನಲ್ಲಿ 1978ರವರೆಗೂ ಹನ್ನೊಂದು ವರ್ಷದ ಎಸ್.ಎಸ್.ಎಲ್.ಸಿ., ಮೇಲೆ ಒಂದು ವರ್ಷದ ಪಿ.ಯು.ಸಿ. ಹೆಸರು ಒಂದೇ, ತೂಕ ಬೇರೆ! ಧರ್ಮಪುರಿಯ ಶಾಲೆಯಿಂದ ಬೆಂಗಳೂರಿಗೆ ಹೊರಟ ಹುಡುಗನ ಹನ್ನೊಂದನೆಯ ವರ್ಷ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬುದು ಒಂದು ಬಡ ಕುಟುಂಬಕ್ಕೆ ವರ್ಷದ ಖರ್ಚಿನ ಪ್ರಶ್ನೆ.

ಇಂದು ಬೆಂಗಳೂರಿನ ಅಂಚಿನ ಅಂತರರಾಷ್ಟ್ರೀಯ ಶಾಲೆಗಳ ವಾಹನಗಳು ನಮ್ಮ ಹೆದ್ದಾರಿಗಳಲ್ಲಿ ಓಡಾಡುತ್ತವೆ. ಐ.ಬಿ. ಎಂದು ಕರೆಯುವ ಇಂಟರ್‌ನ್ಯಾಷನಲ್ ಬ್ಯಾಕಲೊರಿಯಾ 1968ರಲ್ಲಿ ಜಿನೀವಾದಲ್ಲಿ ಆರಂಭವಾಯಿತು. ಆರು ವಿಷಯಗಳು, ಒಂದೊಂದಕ್ಕೆ 7 ಅಂಕ, 4,000 ಪದಗಳ ಮಿತಿಯ ದೀರ್ಘ ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ ಸೇರಿ 3, ಒಟ್ಟು 45. ಅಭ್ಯಾಸ ಕಠಿಣ, ನಿಜ. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಉನ್ನತ ಮಟ್ಟದ ವಿಷಯಗಳಲ್ಲಿ 5, 6 ಅಥವಾ 7 ಪಡೆದವರಿಗೆ ಕ್ರೆಡಿಟ್ ಕೊಡುತ್ತವೆ, ಇದರಿಂದ ಶುಲ್ಕವೂ ಕಾಲವೂ ಉಳಿಯಬಹುದು. ಬ್ರಿಟನ್ನಿನಲ್ಲಿ ಅದು ಬಹುಮಟ್ಟಿಗೆ ಪ್ರವೇಶದ ಅಳತೆ ಮಾತ್ರ. ಭಾರತದಲ್ಲಿ ಅದು ಹನ್ನೆರಡನೆಯ ತರಗತಿಗೆ ಸಮ. ಪದವಿಯ ವರ್ಷ ಕಡಿಮೆಯಾಗುವುದಿಲ್ಲ. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು, ಐ.ಬಿ.ಯ ಸಾಮಾನ್ಯ ಚೌಕಟ್ಟಿನಲ್ಲಿ ಎರಡು ವಿಜ್ಞಾನಗಳಿಗಷ್ಟೇ ಸುಲಭವಾಗಿ ಎಡೆ. ಮೇಲೆ ನೀಟ್ ಇದ್ದೇ ಇದೆ. ಫಲಿತಾಂಶವೂ ಜುಲೈನಲ್ಲಿ ಬರುತ್ತದೆ, ಅಷ್ಟರಲ್ಲಿ ಇಲ್ಲಿನ ಹಲವು ಕಾಲೇಜುಗಳ ಪ್ರವೇಶ ಬಹುದೂರ ಸಾಗಿರುತ್ತದೆ. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ಮಗು ಯಾವ ದೇಶದ ಕಾಲೇಜಿಗೆ ಹೋಗಬೇಕೆಂಬುದನ್ನು ಮನೆಯಲ್ಲಿ ಮೊದಲು ಮಾತಾಡಿಕೊಳ್ಳುವುದು ಒಳಿತು ಎಂದು ನನಗನ್ನಿಸುತ್ತದೆ.

ಇನ್ನೊಂದು ವಿಷಯ ಮನಸ್ಸನ್ನು ಕಾಡುತ್ತದೆ. ಮೆಟ್ರಿಕ್ಯುಲೇಷನ್ನಿನಲ್ಲಿ ಕನ್ನಡ ಬರೆದು ತೇರ್ಗಡೆಯಾದವರ ಮರಿಮಕ್ಕಳು ಇಂದು ಎರಡನೆಯ ಭಾಷೆಯಾಗಿ ಫ್ರೆಂಚನ್ನೋ ಸ್ಪ್ಯಾನಿಷನ್ನೋ ಆರಿಸುತ್ತಾರೆ. ಮನೆಮಾತಿನ ಸಾಹಿತ್ಯವನ್ನು ಶಾಲೆಯ ನೆರವಿನಿಂದ ತಾನೇ ಓದಿ ಪರೀಕ್ಷೆ ಬರೆಯುವ ಅವಕಾಶ ಐ.ಬಿ.ಯ ನಿಯಮಗಳಲ್ಲಿದೆ. ಕನ್ನಡಕ್ಕೆ ಅದು ದೊರೆಯುವುದೇ ಎಂದು ಹನ್ನೊಂದನೆಯ ತರಗತಿ ಆರಂಭವಾಗುವ ಮುನ್ನವೇ, ಶಾಲೆಯ ಕಚೇರಿಯಲ್ಲಿ, ತಂದೆತಾಯಂದಿರೇ ಕೇಳಬೇಕು.